ಬಿಡಲಿಕ್ಕಾದರೂ ಒಂದು ಕೆಲಸ ಬೇಕು

ಭಾನುವಾರದ ಪುರವಣಿ ಬಿಡಿಸಿದರೆ ಒಬ್ಬರಾದರೂ ಸಿಕ್ಕೇ ಸಿಗುತ್ತಾರೆ, ಲಕ್ಷ ಸಂಬಳದ ಸಾಫ್ಟ್‌ವೇರ್ ಕೆಲಸ ಬಿಟ್ಟು ಹಸು ಕಟ್ಟಿದವರು. ಹಸು ಇಲ್ಲದಿದ್ದರೆ ಮರದ ಗಾಣ. ಗಾಣವೂ ಇಲ್ಲದಿದ್ದರೆ ಡ್ರ್ಯಾಗನ್ ಫ್ರೂಟ್. ಚಿತ್ರದಲ್ಲಿ ಗಮ್‌ಬೂಟು ಹೊಸದು, ನಗು ಅಗಲ. ಕರು ಮಾತ್ರ ಕೊಂಚ ಗಾಬರಿಯಲ್ಲಿದೆ. ಇಷ್ಟು ಬಿಗಿಯಾಗಿ ತನ್ನನ್ನು ಈ ಮನುಷ್ಯ ತಬ್ಬಿಕೊಂಡದ್ದು ಅದಕ್ಕೆ ನೆನಪಿಲ್ಲ. ತಲೆಬರಹದ ಸೂತ್ರ ವರ್ಷಗಳಿಂದ ಬದಲಾಗಿಲ್ಲ. ಮೊದಲು ಸಂಬಳದ ಮೊತ್ತ, ನಡುವೆ ‘ಬಿಟ್ಟು’, ಕೊನೆಗೆ ಮಣ್ಣು.

ಅದೇ ಊರಿನಲ್ಲಿ, ಅದೇ ಬೇಲಿಯ ಆಚೆ, ಹುಟ್ಟಿದಾಗಿನಿಂದ ಹಸುವಿನ ಜೊತೆಗೇ ಬೆಳೆದ ಇನ್ನೊಬ್ಬನಿರುತ್ತಾನೆ. ಬೆಳಗಿನ ಐದಕ್ಕೇ ಎದ್ದು ಹಾಲು ಕರೆದು, ಕ್ಯಾನು ಬೈಕಿಗೆ ಸಿಕ್ಕಿಸಿ ಡೇರಿಗೆ ಓಡಿ, ಫ್ಯಾಟು ಎಷ್ಟು ಬಂತೆಂದು ಚೀಟಿ ನೋಡಿ, ಕಡಿಮೆ ಬಂದಿದ್ದಕ್ಕೆ ಸೆಕ್ರೆಟರಿಯ ಜೊತೆ ಜಗಳ ತೆಗೆದು, ವಾಪಸು ಬಂದು ಹುಲ್ಲಿಗೆ ಹೋಗುವವನು. ಅವನ ಚಿತ್ರ ಯಾವ ಪುರವಣಿಯಲ್ಲೂ ಬರುವುದಿಲ್ಲ. ಬರುವುದಾದರೂ ಹೇಗೆ? ಪಾಪ, ಅವನು ಏನನ್ನೂ ಬಿಟ್ಟಿಲ್ಲ.

ಇದು ನಮ್ಮ ಕಾಲದ ವೃತ್ತಿ ಮಾರ್ಗದರ್ಶನದ ಮೊದಲ ಪಾಠ. ಹಾದಿ ಬಿಟ್ಟು ನಡೆದ ಕೀರ್ತಿ ಬೇಕಾದರೆ ಮೊದಲು ಹಾದಿಯ ಮೇಲೆ ನಾಲ್ಕು ಜನರಿಗೆ ಕಾಣುವಂತೆ ನಡೆದಿರಬೇಕು. ಕಾಡಿನಲ್ಲೇ ಹುಟ್ಟಿ ಕಾಡಿನಲ್ಲೇ ನಡೆದವನಿಗೆ ಸನ್ಮಾನ ಇಲ್ಲ. ಆದ್ದರಿಂದ ನಿಮಗೆ ನಿಜಕ್ಕೂ ಕುರಿ ಸಾಕುವ ಆಸೆ ಇದ್ದರೆ ನೇರ ಕುರಿಯ ಬಳಿಗೆ ಹೋಗಬೇಡಿ, ಹಾಗೆ ಹೋದವನನ್ನು ಕುರುಬ ಎಂದಷ್ಟೇ ಕರೆಯುತ್ತಾರೆ. ವೈಟ್‌ಫೀಲ್ಡ್ ಮೂಲಕ ಹೋಗಿ. ಆಗ ಉದ್ಯಮಿ ಎನ್ನುತ್ತಾರೆ.

ಈ ಲೇಖನಗಳನ್ನು ನಾನು ಪ್ರೀತಿಯಿಂದ ಓದುತ್ತೇನೆ, ಅದರಲ್ಲೂ ಕೊನೆಯ ಪ್ಯಾರಾಗಳನ್ನು. ಕಸುಬಿನ ಗುಟ್ಟು ಅಡಗಿರುವುದು ಅಲ್ಲಿಯೇ. ‘ತಂದೆಯವರಿಂದ ಬಂದ ಎಂಟು ಎಕರೆ’ ಎಂದು ಒಂದು ಮಾತು ನಯವಾಗಿ ಹಾದುಹೋಗುತ್ತದೆ. ಎರಡು ಬೋರ್‌ವೆಲ್, ಒಂದು ಕೃಷಿ ಹೊಂಡ, ಬೆಂಗಳೂರಿನ ಫ್ಲ್ಯಾಟಿನ ಬಾಡಿಗೆ. ಕಟ್ಟಕಡೆಗೆ, ‘ಪತ್ನಿಯ ಸಹಕಾರವಿಲ್ಲದಿದ್ದರೆ ಇದೆಲ್ಲ ಸಾಧ್ಯವಾಗುತ್ತಿರಲಿಲ್ಲ’ ಎಂಬ ಕೃತಜ್ಞತೆ. ಈ ಸಹಕಾರ ಪ್ರತಿ ತಿಂಗಳ ಕೊನೆಯ ದಿನ ಬ್ಯಾಂಕಿಗೆ ಜಮೆಯಾಗುತ್ತದೆ ಎಂಬುದನ್ನು ವರದಿಗಾರರು ಸಭ್ಯತೆಯಿಂದ ಬರೆಯುವುದಿಲ್ಲ. ಗಂಡ ಮಣ್ಣಿಗೆ ಮರಳಿದ್ದಾನೆ, ಹೆಂಡತಿ ಇನ್ನೂ ಮಾನ್ಯತಾ ಟೆಕ್ ಪಾರ್ಕಿನಲ್ಲೇ ಇದ್ದಾಳೆ. ಹಸುಗಳಿಗೆ ಹಿಂಡಿ ಬರುತ್ತಿರುವುದು ಅಲ್ಲಿಂದ.

ಹೆಂಡತಿಯ ಮಾತು ಬಂದದ್ದರಿಂದ ಇದನ್ನೂ ಹೇಳಿಬಿಡುತ್ತೇನೆ. ಲಕ್ಷ ಸಂಬಳದ ಕೆಲಸ ಬಿಟ್ಟ ಹೆಣ್ಣುಮಕ್ಕಳು ಈ ನಾಡಿನಲ್ಲಿ ಬೀದಿಗೊಬ್ಬರಿದ್ದಾರೆ. ಮಗುವಿಗೆ ಆರು ತಿಂಗಳಾದಾಗ ಬಿಟ್ಟವರು, ಅತ್ತೆಗೆ ಪಾರ್ಶ್ವವಾಯು ಬಡಿದಾಗ ಬಿಟ್ಟವರು, ಗಂಡನಿಗೆ ಪುಣೆಗೆ ವರ್ಗವಾದಾಗ ಬಿಟ್ಟವರು. ‘ಲಕ್ಷ ಸಂಬಳ ಬಿಟ್ಟು ತೊಟ್ಟಿಲಿಗೆ ಮರಳಿದ ಟೆಕ್ಕಿ’ ಎಂಬ ತಲೆಬರಹ ಯಾರಾದರೂ ನೋಡಿದ್ದೀರಾ? ಕರುವನ್ನು ಎತ್ತಿಕೊಂಡರೆ ಸಾಹಸ. ಕೂಸನ್ನು ಎತ್ತಿಕೊಂಡರೆ, ‘ಅಯ್ಯೋ, ಅವಳು ಈಗ ಮನೇಲೇ ಇದಾಳೆ.’

ಇರಲಿ, ಮೊದಲ ಹಾದಿಯ ವಿಷಯಕ್ಕೆ ಬರೋಣ. ನಮ್ಮಲ್ಲಿ ಎಂಜಿನಿಯರಿಂಗ್ ಓದಿನ ಲೆಕ್ಕಕ್ಕೆ ಬರುವುದಿಲ್ಲ, ಅದು ಷೋಡಶ ಸಂಸ್ಕಾರಗಳ ಪಟ್ಟಿಗೆ ಸೇರಿದ ಹದಿನೇಳನೆಯದು. ಮುಂದೆ ನೀವು ಏನೇ ಆಗಿ, ಅಡಿಗೆಯವರಾಗಿ, ಹಾಸ್ಯನಟರಾಗಿ, ಸನ್ಯಾಸಿಯೇ ಆಗಿ. ಮೊದಲು ಅದೊಂದು ಮುಗಿಯಬೇಕು. ಇದು ನಿನ್ನೆ ಮೊನ್ನೆಯ ರೋಗವೂ ಅಲ್ಲ. ಎರಪಳ್ಳಿ ಪ್ರಸನ್ನ 1962ರಲ್ಲಿ ಟೆಸ್ಟ್ ಆಡಿದರು, ಅದೇ ವರ್ಷ ವೆಸ್ಟ್ ಇಂಡೀಸ್‌ಗೂ ಹೋಗಿಬಂದರು. ಮುಂದಿನ ಟೆಸ್ಟ್ ಆಡಿದ್ದು 1967ರಲ್ಲಿ. ನಡುವಿನ ಐದು ವರ್ಷ ಭುಜಕ್ಕೆ ಪೆಟ್ಟಾಗಿರಲಿಲ್ಲ, ಮಂಡಳಿಯ ಜೊತೆ ಜಗಳವೂ ಇರಲಿಲ್ಲ. ಎಂಜಿನಿಯರಿಂಗ್ ಮುಗಿಸುವುದಿತ್ತು. ಜಗತ್ತಿನ ಬ್ಯಾಟ್ಸ್‌ಮನ್‌ಗಳಿಗೆಲ್ಲ ಐದು ವರ್ಷ ಜೀವದಾನ ಕೊಟ್ಟದ್ದು ಮೈಸೂರು ರಾಜ್ಯದ ಒಂದು ಪದವಿ ಪ್ರಮಾಣಪತ್ರ. ಆಮೇಲೆ ಬಂದು ಒಟ್ಟು ಲೆಕ್ಕವನ್ನು 189 ವಿಕೆಟ್‌ಗೆ ಮುಟ್ಟಿಸಿದರು ಎನ್ನುವುದು ಬೇರೆ ಮಾತು. ಡಿಗ್ರಿ ಕೈಯಲ್ಲಿತ್ತಲ್ಲ, ಧೈರ್ಯವಾಗಿ ಫ್ಲೈಟ್ ಕೊಟ್ಟಿರಬೇಕು.

ಅನಿಲ್ ಕುಂಬ್ಳೆ ಮೆಕ್ಯಾನಿಕಲ್ ಎಂಜಿನಿಯರ್. 1999ರಲ್ಲಿ ದೆಹಲಿಯ ಕೋಟ್ಲಾದಲ್ಲಿ ಪಾಕಿಸ್ತಾನದ ಹತ್ತೂ ವಿಕೆಟ್ ಅವರೇ ತೆಗೆದರು. ಆ ಹತ್ತನೆಯದು ಕುಂಬ್ಳೆಗೇ ಸಿಗಲಿ ಎಂದು ಇನ್ನೊಂದು ತುದಿಯಿಂದ ಬೇಕೆಂದೇ ಸ್ಟಂಪಿನಿಂದ ದೂರ ದೂರ ಬೌಲ್ ಮಾಡಿದ ಜಾವಗಲ್ ಶ್ರೀನಾಥರೂ ಎಂಜಿನಿಯರೇ. ಅಂದರೆ ಅವತ್ತು ಎರಡೂ ತುದಿಯಿಂದ ಬಿ.ಇ. ಬೌಲಿಂಗು ನಡೆದಿತ್ತು. ಇಷ್ಟಾದ ಮೇಲೂ ನಮ್ಮ ಬೀದಿಯ ನಿವೃತ್ತ ಮೇಷ್ಟರೊಬ್ಬರು ಟೀವಿಯ ಮುಂದೆ ನಿಟ್ಟುಸಿರು ಬಿಟ್ಟು ಹೇಳಿದರಂತೆ: ‘ಏನೇ ಅನ್ನಿ, ಹುಡುಗ ಬಿ.ಇ. ಮಾಡಿಕೊಂಡಿದ್ದು ಒಳ್ಳೇದಾಯ್ತು. ಆಟಪಾಟ ಎಷ್ಟು ದಿನ?’

ಸಂಸ್ಕಾರವಿಲ್ಲದೆ ಹೊರಟವರು ಇರಲಿಲ್ಲವೇ? ಇದ್ದರು. ಆದರೆ ಅವರು ಓಡಿಹೋಗಬೇಕಾಯಿತು. ಗದಗಿನ ಜೋಶಿ ಮಾಸ್ತರರ ಮಗ ಭಜನೆಯ ಹಿಂದೆ, ಮೆರವಣಿಗೆಯ ಹಿಂದೆ ಹೋಗಿ ಎಲ್ಲೆಲ್ಲೋ ಮಲಗಿಬಿಡುತ್ತಿದ್ದನೆಂದು ತಂದೆ ಅವನ ಅಂಗಿಯ ಮೇಲೆ ‘ಮಾಸ್ತರ್ ಜೋಶಿಯ ಮಗ’ ಎಂದು ಬರೆದು ಕಳಿಸುತ್ತಿದ್ದರಂತೆ. ಸಿಕ್ಕವರು ತಂದು ಒಪ್ಪಿಸಲಿ ಎಂದು. 1933ರಲ್ಲಿ, ಹನ್ನೊಂದರ ವಯಸ್ಸಿಗೆ, ಸಂಗೀತದ ಗುರುವನ್ನು ಹುಡುಕಿಕೊಂಡು ಆ ಭೀಮಸೇನ ಮನೆ ಬಿಟ್ಟ. ಈಗ ಅಂಗಿಯ ಮೇಲೆ ಬರೆಯುವ ತೊಂದರೆ ಇಲ್ಲ, ಕೈಗಡಿಯಾರದಲ್ಲೇ ಜಿಪಿಎಸ್ ಇದೆ. ಹುಬ್ಬಳ್ಳಿ ಸ್ಟೇಷನ್ನಿನಲ್ಲೇ ಹುಡುಗನನ್ನು ಇಳಿಸಿಕೊಂಡು ಬಂದು ಆರನೇ ಕ್ಲಾಸಿನ ಐಐಟಿ ಫೌಂಡೇಶನ್ನಿಗೆ ಸೇರಿಸಿರುತ್ತಿದ್ದರು. ದೇಶಕ್ಕೆ ಒಂದು ಭಾರತ ರತ್ನ ಕಡಿಮೆಯಾಗುತ್ತಿತ್ತು. ಬಸ್ ಸ್ಟ್ಯಾಂಡಿನ ಎದುರಿನ ಕೋಚಿಂಗ್ ಸೆಂಟರ್ ಫ್ಲೆಕ್ಸಿನಲ್ಲಿ ಒಂದು ಪಾಸ್‌ಪೋರ್ಟ್ ಫೋಟೊ ಹೆಚ್ಚಾಗುತ್ತಿತ್ತು, ಕೆಳಗೆ ರ‍್ಯಾಂಕ್.

ಇನ್ನು ಕೋಟದ ಶಿವರಾಮ ಕಾರಂತರ ಬಯೋಡೇಟಾ ಇವತ್ತಿನ ಎಚ್.ಆರ್. ಮೇಡಂ ಕೈಗೆ ಸಿಕ್ಕರೆ ಏನಾಗಬಹುದೆಂದು ಒಮ್ಮೆ ಊಹಿಸಿ. ಗಾಂಧಿಯ ಕರೆಗೆ ಓಗೊಟ್ಟು ಕಾಲೇಜು ಅರ್ಧಕ್ಕೆ ಬಿಟ್ಟಿದ್ದಾರೆ. ಪತ್ರಿಕೆ ನಡೆಸಿದ್ದಾರೆ, ನಾಟಕ ಆಡಿಸಿದ್ದಾರೆ, ಮೂಕಿ ಸಿನಿಮಾ ತೆಗೆದಿದ್ದಾರೆ, ಪುತ್ತೂರಿನಲ್ಲಿ ಮಕ್ಕಳಿಗೆ ಬಾಲವನ ಕಟ್ಟಿದ್ದಾರೆ, ಯಕ್ಷಗಾನಕ್ಕೆ ಕೈ ಹಾಕಿದ್ದಾರೆ, ಒಬ್ಬರೇ ಕೂತು ವಿಜ್ಞಾನ ವಿಶ್ವಕೋಶ ಬರೆದಿದ್ದಾರೆ, ಇಳಿವಯಸ್ಸಿನಲ್ಲಿ ಕೈಗಾ ಸ್ಥಾವರದ ವಿರುದ್ಧ ಲೋಕಸಭೆ ಚುನಾವಣೆಗೂ ನಿಂತು ಸೋತಿದ್ದಾರೆ. ಸಾಲದ್ದಕ್ಕೆ ಆತ್ಮಕಥೆಗೆ ‘ಹುಚ್ಚು ಮನಸ್ಸಿನ ಹತ್ತು ಮುಖಗಳು’ ಎಂದು ತಾವೇ ಹೆಸರಿಟ್ಟು ತಪ್ಪೊಪ್ಪಿಕೊಂಡಿದ್ದಾರೆ. ‘ಸರ್, ನಿಮ್ಮ ಪ್ರೊಫೈಲಿನಲ್ಲಿ ಸ್ಟೆಬಿಲಿಟಿ ಕಾಣ್ತಿಲ್ಲ. ನಾವು ನಿಮಗೆ ತಿಳಿಸ್ತೀವಿ.’ 1977ರ ಜ್ಞಾನಪೀಠವನ್ನು ‘ಇತರೆ ಚಟುವಟಿಕೆಗಳು’ ಎಂಬ ಕಾಲಮಿನಲ್ಲಿ ಹಾಕಿಕೊಳ್ಳಬಹುದಿತ್ತೇನೋ.

ಹಾಗೆಂದು ಇಂದಿನ ಮಕ್ಕಳಿಗೆ ತಮಗೊಪ್ಪುವ ಕೆಲಸ ಯಾವುದೆಂದು ತಿಳಿಯುವ ದಾರಿಗಳೇ ಇಲ್ಲ ಎನ್ನುವಂತಿಲ್ಲ. ದುಡ್ಡು ಕೊಟ್ಟರೆ ಬೇಕಾದಷ್ಟಿವೆ. ಈಗ ಶಾಲೆಗಳಲ್ಲಿ ಚಲಾವಣೆಯಲ್ಲಿರುವುದು ಬೆರಳಚ್ಚಿನ ಪರೀಕ್ಷೆ, ಡಿಎಂಐಟಿ ಎಂದು ಅದರ ಹೆಸರು. ಶಾಲೆಯ ಸಭಾಂಗಣದಲ್ಲಿ ಮೇಜು ಹಾಕಿ, ಪುಟ್ಟದೊಂದು ಸ್ಕ್ಯಾನರ್ ಇಟ್ಟು, ಮಗುವಿನ ಹತ್ತೂ ಬೆರಳು ಒತ್ತಿಸಿಕೊಳ್ಳುತ್ತಾರೆ. ಕೆಲವು ಸಾವಿರ ರೂಪಾಯಿಗೆ ಬಣ್ಣ ಬಣ್ಣದ ವೃತ್ತಗಳಿರುವ ದಪ್ಪನೆಯ ವರದಿ ಕೈಗೆ ಬರುತ್ತದೆ. ಬೆರಳಿನ ಗೆರೆಗೂ ಮುಂದಿನ ಉದ್ಯೋಗಕ್ಕೂ ಸಂಬಂಧವಿದೆ ಎನ್ನಲು ವಿಜ್ಞಾನದಲ್ಲಿ ಆಧಾರವಿಲ್ಲ, ಆದರೆ ವರದಿಗೆ ಸ್ಪೈರಲ್ ಬೈಂಡಿಂಗ್ ಇದೆ. ನಾನು ಕಣ್ಣಾರೆ ನೋಡಿದ ಒಂದು ವರದಿಯಲ್ಲಿ ಹುಡುಗಿ ಸಂಗೀತದಲ್ಲಿ ಪ್ರಬಲೆ, ಪ್ರಕೃತಿಯಲ್ಲಿ ಪ್ರಬಲೆ, ಲೆಕ್ಕದಲ್ಲಿ ಸಾಧಾರಣ ಎಂದಿತ್ತು. ‘ಸೂಕ್ತ ವೃತ್ತಿಗಳು’ ಎಂಬಲ್ಲಿ ಮೊದಲನೆಯದು ಎಂಜಿನಿಯರ್, ಎರಡನೆಯದು ಡಾಕ್ಟರ್. ಅಪ್ಪ ಅಮ್ಮ ಕಣ್ಣರಳಿಸಿ, ‘ನೋಡಿ, ಎಷ್ಟು ಕರೆಕ್ಟಾಗಿ ಹೇಳಿದ್ದಾರೆ!’ ಎಂದರು. ಫೀಸು ಕಟ್ಟಿದವರು ಯಾರೆಂದು ಬೆರಳಿಗೆ ಗೊತ್ತಿರುತ್ತದೆ. ಜಾತ್ರೆಯಲ್ಲಿ ಕಾರ್ಡು ಎತ್ತುವ ಗಿಣಿಗೆ ಈ ಜಾಣತನ ಇರಲಿಲ್ಲ, ಅದು ಒಮ್ಮೊಮ್ಮೆ ಅಪ್ಪಂದಿರಿಗೆ ಇಷ್ಟವಾಗದ ಕಾರ್ಡನ್ನೂ ಎತ್ತಿಬಿಡುತ್ತಿತ್ತು.

ಬೆರಳಿನಿಂದ ಪಾರಾಗಿ ಎಂಜಿನಿಯರಿಂಗ್ ಕಾಲೇಜು ಸೇರಿದರೆ ಅಲ್ಲಿ ಸ್ಫೂರ್ತಿ ಭಾಷಣ ಕಾದಿರುತ್ತದೆ. ಬ್ಲೇಜರ್ ತೊಟ್ಟ ಒಬ್ಬರು ಕಾಲರ್ ಮೈಕು ಸಿಕ್ಕಿಸಿಕೊಂಡು ವೇದಿಕೆಯ ಉದ್ದಗಲಕ್ಕೆ ಓಡಾಡುತ್ತ, ‘ಕುರಿಮಂದೆಯ ಹಿಂದೆ ಹೋಗಬೇಡಿ, ನಿಮ್ಮ ಪ್ಯಾಶನ್ ಹಿಂದೆ ಹೋಗಿ’ ಎನ್ನುತ್ತಾರೆ. ಎಂಟುನೂರು ಮಕ್ಕಳು ಸಾಲಾಗಿ ಕೂತು ಒಟ್ಟಿಗೆ ಚಪ್ಪಾಳೆ ತಟ್ಟುತ್ತಾರೆ. ಹಿಂದಿನ ಸಾಲಿನಲ್ಲಿ ಅಟೆಂಡೆನ್ಸ್ ಹಾಳೆ ಓಡಾಡುತ್ತಿರುತ್ತದೆ. ಬರದಿದ್ದವರಿಗೆ ಇಂಟರ್ನಲ್ಸ್‌ನಲ್ಲಿ ಕಡಿತವಿದೆ. ಭಾಷಣಕಾರರ ಸ್ವಂತ ಪ್ಯಾಶನ್ ಏನು ಎಂದು ಯಾರೂ ಕೇಳುವುದಿಲ್ಲ. ಪ್ಯಾಶನ್ ಹಿಂದೆ ಹೋಗಿ ಎಂದು ಹೇಳುವುದೇ ಅವರ ಕಸುಬು. ಅದಕ್ಕೆ ಜಿಎಸ್‌ಟಿ ಬೇರೆ. ಒಬ್ಬ ಹುಡುಗ ನಿಜವಾಗಿಯೂ ಎದ್ದು ನಿಂತು, ‘ಸರ್, ನನಗೆ ಚೆಂಡೆ ಬಾರಿಸೋದು ಇಷ್ಟ, ಈ ಸೆಮಿಸ್ಟರ್ ಬಿಟ್ಟು ಮೇಳಕ್ಕೆ ಸೇರಲಾ?’ ಎಂದು ಕೇಳಿದ್ದರೆ ಮೊದಲು ಬೆವರುತ್ತಿದ್ದವರು ಅವರೇ, ಎರಡನೆಯವರು ಪ್ರಾಂಶುಪಾಲರು.

ಏನನ್ನೂ ಬಿಡದೆಯೇ ಗೌರವ ಗಿಟ್ಟಿಸುವ ಇನ್ನೊಂದು ದಾರಿ ಇದೆ. ಸ್ವಲ್ಪ ತಡವಾಗುತ್ತದೆ ಅಷ್ಟೇ. ಬಂಟ್ವಾಳ ತಾಲ್ಲೂಕಿನ ಕೇಪು ಗ್ರಾಮದ ಅಮೈ ಮಹಾಲಿಂಗ ನಾಯ್ಕರು ಕೂಲಿ ಕೆಲಸದವರು, ಅಡಿಕೆ ತೆಂಗಿನ ಮರ ಹತ್ತುವವರು. ನೀರಿಲ್ಲದ ಗುಡ್ಡದ ಇಳಿಜಾರು ಜಾಗ ಅವರ ಪಾಲಿಗೆ ಬಂತು. ಹಗಲು ಕೂಲಿ ಮುಗಿಸಿ ಬಂದು, ದೀಪ ಹಚ್ಚಿಕೊಂಡು, ಒಬ್ಬರೇ ಗುಡ್ಡಕ್ಕೆ ಅಡ್ಡ ಸುರಂಗ ಕೊರೆದರು. ಒಂದರಲ್ಲಿ ನೀರಿಲ್ಲ, ಮತ್ತೊಂದರಲ್ಲೂ ಇಲ್ಲ. ಸುರಂಗದ ಮೇಲೆ ಸುರಂಗ, ವರ್ಷದ ಮೇಲೆ ವರ್ಷ. ಊರು ತನ್ನ ಕರ್ತವ್ಯವನ್ನು ತಪ್ಪದೆ ಮಾಡಿತು, ನಕ್ಕಿತು. ನೀರು ಬಂತು, ತೋಟ ಎದ್ದಿತು, 2022ರಲ್ಲಿ ಪದ್ಮಶ್ರೀಯೂ ಬಂತು. ಆಗ ಅದೇ ಊರಿಗೆ ಅವರು ಸಾಧಕರಾದರು. ಅಂಕೋಲಾ ತಾಲ್ಲೂಕಿನ ಹೊನ್ನಳ್ಳಿಯ ತುಳಸಿ ಗೌಡರು ಅರಣ್ಯ ಇಲಾಖೆಯ ನರ್ಸರಿಯಲ್ಲಿ ಮೂರೂವರೆ ದಶಕ ದಿನಗೂಲಿ. ಯಾವ ತಾಯಿಮರದ ಬೀಜ ಯಾವಾಗ ಆರಿಸಬೇಕೆಂದು ಅಧಿಕಾರಿಗಳು ಅವರನ್ನು ಕೇಳಿ ತಿಳಿಯುತ್ತಿದ್ದರು, ಸಂಬಳದ ಪಟ್ಟಿಯಲ್ಲಿ ಮಾತ್ರ ಅವರು ದಿನಗೂಲಿಯೇ. 2020ರ ಪಟ್ಟಿಯಲ್ಲಿ ಪದ್ಮಶ್ರೀ ಬಂದು, ಮರುವರ್ಷ ಬರಿಗಾಲಲ್ಲಿ ರಾಷ್ಟ್ರಪತಿ ಭವನಕ್ಕೆ ನಡೆದು ಹೋದಾಗ ನಾಡಿಗೆ ನಾಡೇ ಅವರ ಕಾಲಿನ ಫೋಟೊ ಹಂಚಿಕೊಂಡು ಕಣ್ಣೀರು ಹಾಕಿತು. ಸೂತ್ರ ಸರಳ: ಮನಸ್ಸಿಗೊಪ್ಪಿದ ಕೆಲಸವನ್ನು ಎಪ್ಪತ್ತು ದಾಟುವವರೆಗೆ ಮಾಡಿ. ದೆಹಲಿಯಿಂದ ಫೋನ್ ಬಂದರೆ ಬದುಕು ಸಾರ್ಥಕ. ಬರದಿದ್ದರೆ ಹುಚ್ಚು.

ಇಷ್ಟೆಲ್ಲ ಹೇಳಿದ ಮೇಲೂ ಈ ರಾಜ್ಯದಲ್ಲಿ ಯಾವ ಕೆಲಸ ಕೆಲಸ, ಯಾವುದು ಅಲ್ಲ ಎಂದು ತೀರ್ಪು ಕೊಡುವ ಸುಪ್ರೀಂ ಕೋರ್ಟು ಬೇರೆಯೇ ಇದೆ. ಅದು ಕಲ್ಯಾಣ ಮಂಟಪದ ಊಟದ ಹಾಲಿನಲ್ಲಿ, ಎರಡನೇ ಪಂಕ್ತಿಗೆ ಎಲೆ ಹಾಕುವ ಹೊತ್ತಿಗೆ ಕಲಾಪ ಆರಂಭಿಸುತ್ತದೆ.

‘ಮಗ ಎಂತ ಮಾಡ್ಕಂಡಿದಾನೆ ಮಾರಾಯ್ರೆ?’

‘ತೋಟ ನೋಡ್ಕಳ್ತಾ ಇದಾನೆ.’

‘ಓ... ಅದು ಸರಿ. ಮತ್ತೆಂತ ಮಾಡ್ತಾನೆ?’

ಆ ‘ಮತ್ತೆಂತ’ಕ್ಕೆ ಮೇಲ್ಮನವಿ ಇಲ್ಲ. ಅದೇ ಹಾಲಿನಲ್ಲಿ ಕ್ಯಾಂಡಿಡ್ ಫೋಟೊ ತೆಗೆಯುತ್ತಿರುವ ಹುಡುಗನಿಗೂ ಅದೇ ಪ್ರಶ್ನೆ. ಎರಡು ದಿನದ ಕೆಲಸಕ್ಕೆ ಅವನಿಗೆ ಕೊಟ್ಟಿರುವ ಹಣ ಕೇಳಿದರೆ ಕೇಳಿದವರ ಹೋಳಿಗೆ ಗಂಟಲಲ್ಲೇ ನಿಲ್ಲುತ್ತದೆ. ಆದರೂ ಬಾಳೆಎಲೆಯಿಂದ ತಲೆ ಎತ್ತಿ, ‘ಇದು ಸೈಡಿಗೆ ಅಲ್ವೇನಪ್ಪ? ಕೆಲಸ ಎಲ್ಲಿ?’ ಎನ್ನುತ್ತಾರೆ.

ಈ ಕೋರ್ಟಿನ ತೀರ್ಪು ಜಾರಿಯಾಗುವುದು ಹೆಣ್ಣು ಕೇಳಲು ಹೋದಾಗ. 2021ರ ಆರಂಭದಲ್ಲಿ ರಾಜ್ಯದ ಬ್ರಾಹ್ಮಣ ಅಭಿವೃದ್ಧಿ ಮಂಡಳಿ ‘ಮೈತ್ರೇಯಿ’ ಎಂಬ ಯೋಜನೆ ತಂದಿತು. ಬಡ ಅರ್ಚಕರನ್ನು ಮದುವೆಯಾಗುವ ವಧುವಿಗೆ ಮೂರು ಲಕ್ಷ ರೂಪಾಯಿಯ ಬಾಂಡ್. ಗೃಹಪ್ರವೇಶಕ್ಕೆ, ಉಪನಯನಕ್ಕೆ, ಕೊನೆಗೆ ಮದುವೆಗೂ ಎಲ್ಲರಿಗೂ ಪುರೋಹಿತರು ಬೇಕು. ಅವರಿಗೊಂದು ಮದುವೆ ಮಾಡಿಸಲು ಮಾತ್ರ ಸರ್ಕಾರದ ಮಂಡಳಿಯೇ ಬೇಕಾಯಿತು. 2023ರ ಫೆಬ್ರುವರಿಯಲ್ಲಿ ಮಂಡ್ಯ ಜಿಲ್ಲೆಯ ಮದುವೆಯಾಗದ ಯುವಕರು, ಹೆಚ್ಚಿನವರು ರೈತರು, ಹೆಣ್ಣು ಸಿಗಲಿ ಎಂದು ಮಲೆ ಮಹದೇಶ್ವರ ಬೆಟ್ಟಕ್ಕೆ ‘ಬ್ರಹ್ಮಚಾರಿಗಳ ಪಾದಯಾತ್ರೆ’ ಹೊರಟರು. ಕಬ್ಬು, ಭತ್ತ, ನಾಲೆಯ ನೀರು ಎಲ್ಲ ಇದ್ದವರು. ಪುರವಣಿಯ ಟೆಕ್ಕಿ ಯಾವ ಮಣ್ಣಿಗೆ ಮರಳಿ ಹಾರ ಹಾಕಿಸಿಕೊಂಡನೋ, ಅದೇ ಮಣ್ಣಿನಲ್ಲಿ ಉಳಿದದ್ದಕ್ಕೆ ಇವರು ಬೆಟ್ಟ ಹತ್ತಬೇಕಾಯಿತು. ಅದೇ ವರ್ಷದ ಕೊನೆಗೆ ಅದೇ ಜಿಲ್ಲೆಯ ಆಲೆಮನೆಯೊಂದರಲ್ಲಿ ಭ್ರೂಣಲಿಂಗ ಪತ್ತೆಯ ದಂಧೆ ಬಯಲಿಗೆ ಬಂತು. ಹೆಣ್ಣುಗಳೆಲ್ಲ ಎಲ್ಲಿ ಹೋದವೆಂದು ಮಾದಪ್ಪನನ್ನು ಕೇಳಲು ಅಷ್ಟು ದೂರ ನಡೆಯಬೇಕಾಗಿರಲಿಲ್ಲ.

ಹೆಣ್ಣಿನ ಕಡೆಯವರನ್ನು ಬೈಯುವುದು ಸುಲಭ. ನಾನು ಬೈಯುವುದಿಲ್ಲ. ಆ ಹುಡುಗಿ ತನ್ನ ಅಮ್ಮನನ್ನು ನೋಡಿದ್ದಾಳೆ. ಗಂಡನ ‘ವ್ಯವಸಾಯ’ ಎಂಬುದರಲ್ಲಿ ಅರ್ಧಕ್ಕಿಂತ ಹೆಚ್ಚು ಗೇದವಳು ಅಮ್ಮ, ಆದರೆ ಪಹಣಿಯಲ್ಲಿ ಅವಳ ಹೆಸರಿಲ್ಲ. ಮಗಳು ಬೇಡ ಎನ್ನುತ್ತಿರುವುದು ಬೇಸಾಯವನ್ನಲ್ಲ, ಸಂಬಳವಿಲ್ಲದ ಆ ನೌಕರಿಯನ್ನು.

ಈಗ ನನ್ನ ಮೆಚ್ಚಿನ ವೃತ್ತಿಗೆ ಬರುತ್ತೇನೆ. ಪ್ಯಾಶನ್ ಭಾಷಣಕಾರರು ಹೇಳುವ ಎಲ್ಲ ಲಕ್ಷಣಗಳೂ ಇರುವ ಕೆಲಸವೊಂದು ಮಲೆನಾಡಿನಲ್ಲಿ ಇದೆ, ಕೊನೆಗೌಡನದು. ಮೇಲಧಿಕಾರಿ ಇಲ್ಲ, ತನ್ನ ದಿನವನ್ನು ತಾನೇ ನಿಶ್ಚಯಿಸುತ್ತಾನೆ, ಇಡೀ ದಿನ ಹೊರಗಿನ ಗಾಳಿ. ಕಾಲಿಗೆ ತಳೆ, ಸೊಂಟಕ್ಕೆ ಕತ್ತಿ. ತೊಡೆಯಷ್ಟೂ ದಪ್ಪವಿಲ್ಲದ ಅಡಿಕೆ ಮರ ಹತ್ತಿ, ಕೊನೆ ಕೊಯ್ದು ಹಗ್ಗದ ಮೇಲೆ ಜಾರಿಬಿಡುತ್ತಾನೆ. ಕೆಳಗಿದ್ದವನು ಹಿಡಿಯುವಷ್ಟರಲ್ಲಿ ಮರವನ್ನೇ ತೂಗಿ, ಇಳಿಯದೆ, ಪಕ್ಕದ ಮರಕ್ಕೆ ದಾಟಿರುತ್ತಾನೆ. ವರ್ಕ್-ಲೈಫ್ ಬ್ಯಾಲೆನ್ಸ್ ಎಂಬುದು ಅಕ್ಷರಶಃ ಇರುವುದು ಅವನೊಬ್ಬನಿಗೇ. ಮಳೆಗಾಲದಲ್ಲಿ ಮೈಲುತುತ್ತ, ಸುಣ್ಣ ಬೆರೆಸಿದ ಕೊಳೆ ಔಷಧಿ ಹೊಡೆಯುವವನೂ ಅವನೇ. ಯಾವ ಮರಕ್ಕೆ ರೋಗ ಬಂದಿದೆ, ಯಾವ ಕೊನೆ ಇನ್ನೊಂದು ವಾರ ಬಿಡಬೇಕು ಎಂದು ತೋಟದ ಯಜಮಾನನಿಗಿಂತ ಅವನಿಗೆ ಚೆನ್ನಾಗಿ ಗೊತ್ತು. ಕೊಯ್ಲಿನ ಕಾಲದಲ್ಲಿ ಅವನ ದಿನದ ದುಡಿಮೆ ಹೊಸದಾಗಿ ಸೇರಿದ ಎಷ್ಟೋ ಎಂಜಿನಿಯರ್‌ಗಳ ದಿನದ ಸಂಬಳಕ್ಕಿಂತ ಮೇಲೆ. ಐವತ್ತು ಎಕರೆಯ ಹೆಗಡೆಯವರೂ ಅವನಿಗೆ ಬೆಳಿಗ್ಗೆ ಬೆಳಿಗ್ಗೆಯೇ ಫೋನ್ ಮಾಡಿ, ‘ನಾಳೆನಾದ್ರೂ ಬರ‍್ತೀಯೇನೋ?’ ಎಂದು ದೈನ್ಯದಿಂದ ಕೇಳುತ್ತಾರೆ. ಇಷ್ಟು ಬೇಡಿಕೆಯಿರುವ ನೌಕರ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಒಬ್ಬನಿದ್ದರೆ ತೋರಿಸಿ.

ಆದರೆ ಅವನ ಮಗ ಬೆಂಗಳೂರಿನಲ್ಲಿದ್ದಾನೆ. ಬೈಕಿನಲ್ಲಿ ಬಿರಿಯಾನಿ ಹಂಚುತ್ತಾನೆ. ಕಂಪನಿ ಅವನನ್ನು ‘ಪಾರ್ಟ್‌ನರ್’ ಎಂದು ಕರೆಯುತ್ತದೆ, ಊರಿಗೆ ಬಂದಾಗ ‘ಬೆಂಗಳೂರಲ್ಲಿ ಕೆಲಸ’ ಎಂದು ಜನ ಕರೆಯುತ್ತಾರೆ. ಅವನಿಗೆ ಹೆಣ್ಣು ನೋಡುತ್ತಿದ್ದಾರೆ. ಅಪ್ಪನ ತಳೆ ಕೊಟ್ಟಿಗೆಯ ಗೂಟದಲ್ಲಿದೆ, ಅಪ್ಪನ ಮಂಡಿ ಆಸ್ಪತ್ರೆಯಲ್ಲಿದೆ. ಮರದಿಂದ ಬಿದ್ದರೆ ಕೈಕಾಲು ಮುರಿಯುತ್ತದೆ ಎಂಬ ಭಯ ಹುಡುಗನಿಗೆ ಇಲ್ಲದಿಲ್ಲ, ಬಿದ್ದವರನ್ನು ನೋಡಿಯೂ ಇದ್ದಾನೆ. ಆದರೆ ಸಿಲ್ಕ್ ಬೋರ್ಡಿನಲ್ಲಿ ಬೈಕು ಓಡಿಸುವುದೂ ಅಷ್ಟೇ ಅಪಾಯ. ಅಲ್ಲಿ ಮುರಿದುಕೊಂಡರೆ ಮರ್ಯಾದೆ ಇದೆ ಎನ್ನುವುದಷ್ಟೇ ವ್ಯತ್ಯಾಸ.

ತೆಂಗು ಅಭಿವೃದ್ಧಿ ಮಂಡಳಿಗೆ ಈ ರೋಗ ಮೊದಲೇ ಅರ್ಥವಾಗಿತ್ತು. 2011ರಲ್ಲಿ ಮರ ಹತ್ತುವವರಿಗೆ ತರಬೇತಿ ಆರಂಭಿಸಿದಾಗ ಅದಕ್ಕಿಟ್ಟ ಹೆಸರು ‘ಫ್ರೆಂಡ್ಸ್ ಆಫ್ ಕೋಕನಟ್ ಟ್ರೀ’. ಯಂತ್ರ ಕೊಟ್ಟರು, ಸರ್ಟಿಫಿಕೇಟು ಕೊಟ್ಟರು, ಇಂಗ್ಲಿಷ್ ಹೆಸರು ಕೊಟ್ಟರು. ಅಡಿಕೆ ಮರಕ್ಕೂ ಯಾರಾದರೂ ಅಂಥದೊಂದು ಹೆಸರು ಹುಡುಕಬೇಕು. ‘ವರ್ಟಿಕಲ್ ಹಾರ್ವೆಸ್ಟ್ ಸ್ಪೆಷಲಿಸ್ಟ್’ ಎಂದು ವಿಸಿಟಿಂಗ್ ಕಾರ್ಡು ಮಾಡಿಸಿದರೆ ಎರಡನೇ ಪಂಕ್ತಿಯವರೂ ಸ್ವಲ್ಪ ಹೊತ್ತು ತಡವರಿಸಬಹುದು.

ಕೊನೆಗೆ ಓದುಗರಲ್ಲಿ ಒಂದು ವಿನಂತಿ. ನಿಮ್ಮ ಮನೆಯ ಹು‌ಡುಗನೋ ಹುಡುಗಿಯೋ ಎಂಟನೇ ಸೆಮಿಸ್ಟರ್ ಮುಗಿಸಿ, ಎರಡು ವರ್ಷ ಕೆಲಸ ಮಾಡಿ, ‘ಇದು ನನಗೆ ಒಗ್ಗುತ್ತಿಲ್ಲ, ಬೇರೇನಾದರೂ ಮಾಡುತ್ತೇನೆ’ ಎಂದು ಬಂದರೆ ತಕ್ಷಣ ಪುರವಣಿಯವರಿಗೆ ಫೋನ್ ಮಾಡಬೇಡಿ, ಕರು ತರಲು ಹಾಸನಕ್ಕೂ ಹೋಗಬೇಡಿ. ನನಗೊಂದು ಮಾತು ತಿಳಿಸಿ. ನಮ್ಮ ಕಡೆ ಮೂರು ತೋಟದಲ್ಲಿ ಕೊನೆ ಹಣ್ಣಾಗಿ ಉದುರುತ್ತಿದೆ, ಹತ್ತುವವರಿಲ್ಲ. ಕಲಿಸಿಕೊಡುತ್ತಾರೆ. ದಿನಗೂಲಿ ಅದೇ ದಿನ ಸಂಜೆಗೆ, ಮಧ್ಯಾಹ್ನ ಊಟ, ಎರಡು ಹೊತ್ತು ಚಹಾ. ಸಂಬಂಧ ಕುದುರಿಸಿಕೊಡುವ ಜವಾಬ್ದಾರಿ ಮಾತ್ರ ನಮ್ಮದಲ್ಲ.